ಮಡಕೆಯ ತಳದಲ್ಲಿ ಯಾರ ಹೆಸರು



ಡೊಂಬಿವಲಿಯ ಈ ಕನ್ನಡ ಸಭೆಯ ಇಂದಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡದ್ದು ಮಣ್ಣಿನ ವಿಷಯ. ಮಣ್ಣನ್ನು ಕಲಸಿ, ತಿಗರಿಯ ಮೇಲೆ ಎಬ್ಬಿಸಿ, ಬೆಂಕಿಯಲ್ಲಿ ಸುಟ್ಟು ಪಾತ್ರೆಯಾಗಿಸುವ ಕಸುಬು ನಮ್ಮ ಕಾಲದಲ್ಲಿ ಚಿತ್ರಶಾಲೆಯ ಗೋಡೆ ಪೀಠಗಳವರೆಗೂ ಏರಿದೆ. ಇದನ್ನು ಮಾಡುವವರನ್ನು ಒಂದು ಕಡೆ ಕುಂಬಾರರೆನ್ನುತ್ತೇವೆ, ಇನ್ನೊಂದು ಕಡೆ ಸಿರಾಮಿಕ್ ಕಲಾವಿದರೆನ್ನುತ್ತೇವೆ. ಮಣ್ಣೂ ಒಂದೇ, ಬೆಂಕಿಯೂ ಒಂದೇ. ಹಾಗಾದರೆ ಈ ಎರಡು ಹೆಸರುಗಳ ನಡುವೆ ಏನಿದೆ ಎಂಬುದೇ ನನ್ನ ಪ್ರಶ್ನೆ. ಮೊದಲು ನಾವು ನಿಂತಿರುವ ಈ ನೆಲದ ಹಳೆಯ ಮಣ್ಣಿನ ಬಗ್ಗೆ ಸ್ವಲ್ಪ ಹೇಳುತ್ತೇನೆ. ಆಮೇಲೆ ಮುಂಬಯಿಯ ಕಲಾಶಾಲೆ ಕಸುಬಿಗೂ ಕಲೆಗೂ ನಡುವೆ ಗೆರೆ ಎಳೆದ ಬಗೆಯನ್ನು ನೋಡೋಣ. ಮೂರನೆಯದಾಗಿ, ಆ ಗೆರೆಯನ್ನು ದಾಟಿದವರನ್ನು, ಮುಖ್ಯವಾಗಿ ನಮ್ಮದೇ ಠಾಣೆ ಜಿಲ್ಲೆಯ ಭಾಯಂದರಿನ ಒಂದು ಮನೆಯನ್ನು, ತುಸು ಬಿಡುವಾಗಿ ನೋಡೋಣ. ಕೊನೆಗೆ ಇಂದು ನಮ್ಮ ಸುತ್ತಲಿನ ಫ್ಲ್ಯಾಟುಗಳಲ್ಲಿ ನಡೆಯುತ್ತಿರುವ ಕೆಲಸಕ್ಕೆ ಬರುತ್ತೇನೆ.

ನಿಮ್ಮಲ್ಲೊಂದು ಕೋರಿಕೆ. ಮನೆಗೆ ಹೋದ ಮೇಲೆ ಅಟ್ಟದ ಮೇಲಿರುವ ಉಪ್ಪಿನಕಾಯಿ ಭರಣಿಯನ್ನು ಇಳಿಸಿ ಅದರ ತಳ ನೋಡಿ. ನಮ್ಮ ಮನೆಯಲ್ಲಿ ಅಮ್ಮ ಊರಿನಿಂದ ಹಳೆಯ ಸೀರೆಯಲ್ಲಿ ಸುತ್ತಿ ತಂದ ಭರಣಿಯೊಂದಿದೆ. ಮೇಲೆ ಕಂದು, ಕೆಳಗೆ ಹಳದಿ ಮಿಶ್ರಿತ ಬಿಳಿ. ನಲವತ್ತು ವರ್ಷ ಅದರಿಂದ ಮಿಡಿ ಉಪ್ಪಿನಕಾಯಿ ತಿಂದಿದ್ದೇನೆ. ಅದನ್ನು ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ. ನೋಡಿದಾಗ ತಳದಲ್ಲಿ ಗ್ಲೇಜ್ ಎಂಬ ಹೊಳಪಿನ ಲೇಪ ತಾಗದ ಒರಟು ಮಣ್ಣಿತ್ತು, ಯಾರದೋ ಬೆರಳು ಜಾರಿದ ಗುರುತಿತ್ತು, ಹೆಸರಿರಲಿಲ್ಲ. ಇಂದಿನ ಮಾತನ್ನೆಲ್ಲ ಆ ಖಾಲಿ ತಳದ ಮೇಲೆಯೇ ಕಟ್ಟುತ್ತಿದ್ದೇನೆ.

ಮೊದಲ ಭಾಗಕ್ಕೆ ಬರೋಣ. ಡೊಂಬಿವಲಿ ಪಶ್ಚಿಮದಲ್ಲಿ ಕುಂಭಾರಖಾಣ ಪಾಡಾ ಎಂಬ ಜಾಗವಿದೆ. ದಿನವೂ ರಿಕ್ಷಾದವರ ಬಾಯಲ್ಲಿ ಕೇಳುವ ಹೆಸರು. ಅದರ ಮೊದಲ ಭಾಗ ಕುಂಬಾರ ಎಂಬುದನ್ನು ನಾವು ಯೋಚಿಸಿಯೂ ಇರುವುದಿಲ್ಲ. ಕಲ್ಯಾಣವಂತೂ ಕ್ರಿಸ್ತಶಕದ ಆರಂಭದ ಕಾಲದ ಬಂದರು. ಕೆಂಪು ಸಮುದ್ರದ ವ್ಯಾಪಾರಿಗಳಿಗಾಗಿ ಗ್ರೀಕ್ ಭಾಷೆಯಲ್ಲಿ ಬರೆದ ‘ಪೆರಿಪ್ಲಸ್’ ಅದನ್ನು ಕಲ್ಲಿಯೆನಾ ಎಂದು ಕರೆಯುತ್ತದೆ. ಘಾರಾಪುರಿ ದ್ವೀಪದಲ್ಲಿ ರೋಮನ್ ಮದ್ಯದ ಜಾಡಿಗಳ ಚೂರುಗಳು ಸಿಕ್ಕಿವೆ. ಕಾನ್ಹೇರಿಯ ಗುಹೆಗಳಲ್ಲಿ ಕಲ್ಯಾಣದ ದಾನಿಗಳ ಹೆಸರುಗಳಿವೆ, ಅವರಲ್ಲಿ ಅಕ್ಕಸಾಲಿಯೂ ಕಮ್ಮಾರನೂ ಇದ್ದಾರೆ. ಕಬ್ಬಿಣ ಬಡಿಯುವವನಿಗೆ ಕಲ್ಲಿನ ಮೇಲೆ ಹೆಸರು ದಕ್ಕಿತ್ತು. ಮಣ್ಣು ತಟ್ಟಿದವನು ಬಿಟ್ಟುಹೋದದ್ದು ಬೋಕಿ.

ಅದೇ ಕಾನ್ಹೇರಿಯಲ್ಲಿ ನಮ್ಮ ನೃಪತುಂಗ ಅಮೋಘವರ್ಷನ ಕಾಲದ ಶಾಸನಗಳೂ ಇವೆ. ಅವನ ಸಾಮಂತರಾಗಿ ಉತ್ತರ ಕೊಂಕಣವನ್ನು ಆಳಿದ ಶಿಲಾಹಾರರಿಗೆ ಠಾಣೆ ಮುಖ್ಯ ಪಟ್ಟಣವಾಗಿತ್ತು. ಅವರು ತಮ್ಮನ್ನು ‘ತಗರಪುರವರಾಧೀಶ್ವರ’ರೆಂದು ಕರೆದುಕೊಂಡರು. ತಗರವೆಂದರೆ ಇಂದಿನ ಧಾರಾಶಿವ ಜಿಲ್ಲೆಯ ತೇರ್. ಆ ಪುಟ್ಟ ಊರಿನ ರಾಮಲಿಂಗಪ್ಪ ಲಾಮ್ತುರೆ ವಸ್ತುಸಂಗ್ರಹಾಲಯದಲ್ಲಿ, ಊರ ದಿಬ್ಬಗಳಲ್ಲಿ ದೊರೆತ ಸುಟ್ಟ ಮಣ್ಣಿನ ಗೊಂಬೆಗಳಿವೆ. ಕೆಲವು ಬಿಳಿ ಜೇಡಿಮಣ್ಣಿನವು, ಎರಡು ಅಚ್ಚುಗಳನ್ನು ಕೂಡಿಸಿ ಮಾಡಿದವು. ತೇರ್ ಇನ್ನೊಬ್ಬರ ಊರೂ ಹೌದು. ಸಂತ ಗೋರಾ ಕುಂಬಾರರ ಊರು.

ಗೋರೋಬಾ ಕಾಕಾ ಎಂದು ವಾರಕರಿಗಳು ಪ್ರೀತಿಯಿಂದ ಕರೆಯುವ ಈ ಸಂತರ ಕಥೆ ಇಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಮರಾಠಿ ಶಾಲೆಯಿಂದಲೇ ಗೊತ್ತು. ಸಂತರೆಲ್ಲ ಕೂತಿದ್ದಾಗ ಮಡಕೆ ತಟ್ಟುವ ಥಾಪಟಣೆಯಿಂದ ಒಬ್ಬೊಬ್ಬರ ತಲೆಯನ್ನೂ ತಟ್ಟಿ ನೋಡಿ, ನಾಮದೇವರ ಬಳಿ ಬಂದಾಗ ‘ಈ ಮಡಕೆ ಇನ್ನೂ ಹಸಿ’ ಎಂದರಂತೆ. ಗಡಿಯ ಆಚೆ ಬೀದರ ಸೀಮೆಯ ಭಾಲ್ಕಿಯಲ್ಲಿ ನಮ್ಮ ಕುಂಬಾರ ಗುಂಡಯ್ಯನವರು. ಹರಿಹರ ಅವರ ಮೇಲೆ ರಗಳೆಯನ್ನೇ ಬರೆದ. ಗುಂಡಯ್ಯ ಮಡಕೆ ಬಾರಿಸಿದರೆ ಶಿವನೇ ಬಂದು ಕುಣಿದನೆಂದು ಕಥೆ. ಒಬ್ಬರು ತಟ್ಟಿ ಪರೀಕ್ಷಿಸಿದರು, ಇನ್ನೊಬ್ಬರು ತಟ್ಟಿ ನಾದ ಹೊರಡಿಸಿದರು. ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಮ್ಮ ಅಜ್ಜಿಯರು ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಿದ್ದುದು ನೆನಪಿದೆಯೇ? ಕಣ್ಣಿಗೆ ಕಾಣದ ಬಿರುಕು ಕಿವಿಗೆ ಕೇಳುತ್ತದೆ. ಉಪಯೋಗವೂ ಸೊಬಗೂ ಆ ಒಂದು ಏಟಿನಲ್ಲಿ ಬೇರೆಬೇರೆಯಾಗಿ ನಿಲ್ಲುವುದಿಲ್ಲ. ಈ ಎರಡು ಕಥೆಗಳನ್ನು ಕಟ್ಟಿದ ಜನಕ್ಕೆ ಕಸುಬು ಯಾವುದು, ಕಲೆ ಯಾವುದು ಎಂಬ ಪ್ರಶ್ನೆ ಎದ್ದಿರಲಾರದೆಂದು ನನ್ನ ನಂಬಿಕೆ.

ಆ ಪ್ರಶ್ನೆ ಎದ್ದದ್ದು ಯಾವಾಗ? ಇದು ನನ್ನ ಎರಡನೆಯ ಭಾಗ. ಮುಂಬಯಿಯಲ್ಲಿ ಸರ್ ಜೆ. ಜೆ. ಕಲಾಶಾಲೆ 1857ರಲ್ಲಿ ಶುರುವಾಯಿತು. 1870ರ ದಶಕದಲ್ಲಿ ಅಲ್ಲಿನ ಜಾರ್ಜ್ ಟೆರಿ ಎಂಬವರು ಸಿಂಧ್ ಪ್ರಾಂತದ ಕುಂಬಾರರ ನೆರವಿನಿಂದ ಗ್ಲೇಜ್ ಹಾಕಿದ ಪಾತ್ರೆಗಳನ್ನು ಮಾಡಿಸತೊಡಗಿದರು. ಅದೇ ಹೊತ್ತಿಗೆ ಅದೇ ಶಾಲೆಯ ಜಾನ್ ಗ್ರಿಫಿತ್ಸ್ ತಮ್ಮ ವಿದ್ಯಾರ್ಥಿಗಳೊಡನೆ ಅಜಂತಾದ ಭಿತ್ತಿಚಿತ್ರಗಳ ಪ್ರತಿ ತೆಗೆಯುತ್ತಿದ್ದರು. ಆ ಚಿತ್ರಗಳ ಬಳ್ಳಿ, ಹೂವು, ಹಂಸಗಳು ಹೂಜಿಗಳ ಮೇಲೂ ಇಳಿದವು. ‘ಬಾಂಬೆ ಸ್ಕೂಲ್’ ಪಾಟರಿ ಎಂದು ಇವು ಹೆಸರಾದವು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲೂ ಭಾಯ್ಖಳಾದ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದಲ್ಲೂ ಅವನ್ನು ಕಾಣಬಹುದು. ಭಾಯ್ಖಳಾಕ್ಕೆ ಡೊಂಬಿವಲಿಯಿಂದ ಒಂದೇ ಲೋಕಲ್, ದಯವಿಟ್ಟು ಹೋಗಿ ನೋಡಿ. ಗಾಜಿನ ಕಪಾಟಿನೊಳಗಿನ ನೀಲಿ, ಹಳದಿ, ಹಸಿರು ಇಂದಿಗೂ ಕಣ್ಣು ತುಂಬುತ್ತವೆ. ಆದರೆ ಇಂಥ ಪಾತ್ರೆಗಳ ಚೀಟಿಯಲ್ಲಿ ಸಾಮಾನ್ಯವಾಗಿ ಶಾಲೆಯ ಹೆಸರಿರುತ್ತದೆ, ಸಾಹೇಬರ ಹೆಸರಿರುತ್ತದೆ. ತಿಗರಿ ತಿರುಗಿಸಿದ ಸಿಂಧಿ ಕುಂಬಾರನ ಹೆಸರು ಅಲ್ಲಿಗೆ ಬಂದು ತಲುಪಲಿಲ್ಲ. ಚಿತ್ರ ಬಿಡಿಸುವುದು ಕಲೆ, ಮಡಕೆ ಎಬ್ಬಿಸುವುದು ಕೂಲಿ ಎಂಬ ವಿಂಗಡಣೆ ಒಂದೇ ಹೂಜಿಯ ಮೈಮೇಲೆ ನಡೆದುಹೋಯಿತು.

ಹೆಸರಿನ ಮಾತು ಬಂದಾಗ ನಮ್ಮ ಕರಾವಳಿಯ ಹಂಚನ್ನೂ ನೆನೆಯಬೇಕು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನದಿ ತಂದು ಹಾಸಿದ ಜೇಡಿಮಣ್ಣು, ಯಂತ್ರದ ಅಚ್ಚು, ಕಾಡಿನ ಸೌದೆ. ಆ ಕೆಂಪು ಹಂಚು ಹಡಗು ಹತ್ತಿ ಪಶ್ಚಿಮ ಕರಾವಳಿಯುದ್ದಕ್ಕೂ ಹೋಯಿತು. ಈ ಭಾಗದ ಹಳೆಯ ಮನೆಗಳ ಮಾಡಿಗೂ ಬಂತು. ಕೆಲಸ ಹುಡುಕಿಕೊಂಡು ನಾವು ಮುಂಬಯಿಗೆ ಬರುವ ಮೊದಲೇ ನಮ್ಮ ಊರಿನ ಮಣ್ಣು ಬಂದು ಇಲ್ಲಿನವರಿಗೆ ನೆರಳಾಗಿತ್ತು. ಹಂಚಿನ ಬೆನ್ನ ಮೇಲೆ ಕಂಪನಿಯ ಹೆಸರು ದಪ್ಪಕ್ಷರದಲ್ಲಿ ಉಬ್ಬಿ ನಿಂತಿರುತ್ತದೆ. ಕುಂಬಾರನಿಗೆ ಸಿಗದ ಸಹಿ ಕಾರ್ಖಾನೆಗೆ ಸಿಕ್ಕಿತು. ಠಾಣೆಗೂ ಇಂಥ ಇತಿಹಾಸವಿದೆ. 1958ರಲ್ಲಿ ಆರಂಭವಾದ ಎಚ್ ಅಂಡ್ ಆರ್ ಜಾನ್ಸನ್ ಕಂಪನಿಯ ಟೈಲ್ ಕಾರ್ಖಾನೆ ಮಾಜಿವಾಡಾದಲ್ಲಿತ್ತು. ನಮ್ಮಲ್ಲಿ ಅನೇಕರ ಅಡುಗೆಮನೆಯ ಗೋಡೆಯ ಬಿಳಿ ಚೌಕಗಳು ಸಿರಾಮಿಕ್ಕೇ. ಅವನ್ನು ಹೀಗೆ ದಾಟಿ ಮುಂದೆ ಹೋಗುತ್ತೇನೆ.

ಈಗ ಮೂರನೆಯ ಭಾಗ. ನನ್ನ ಮನಸ್ಸು ಹೆಚ್ಚು ನಿಂತಿರುವುದು ಇಲ್ಲಿ.

ಕಸುಬು ಮತ್ತು ಕಲೆ ಎಂಬ ಗೆರೆಯನ್ನು ಇಪ್ಪತ್ತನೆಯ ಶತಮಾನದಲ್ಲಿ ಅಳಿಸಲು ಹೊರಟವರಲ್ಲಿ ಜಪಾನಿನವರು ಮುಂದು. ಯಾನಾಗಿ ಸೋಎತ್ಸು ಎಂಬ ಚಿಂತಕರು 1920ರ ದಶಕದಲ್ಲಿ ‘ಮಿಂಗೈ’ ಎಂಬ ಪದವನ್ನು ಬಳಕೆಗೆ ತಂದರು. ಜನಸಾಮಾನ್ಯರು ದಿನಬಳಕೆಗೆಂದು ಮಾಡಿದ, ಹೆಸರು ಹಾಕದ ವಸ್ತುವಿನಲ್ಲೇ ದೊಡ್ಡ ಚೆಲುವಿದೆ ಎಂಬುದು ಅವರ ವಾದ. ಅವರ ಗೆಳೆಯ ಹಮಾದಾ ಶೋಜಿ ಜಗದ್ವಿಖ್ಯಾತರಾದ ಮೇಲೂ ತಮ್ಮ ಪಾತ್ರೆಗಳಿಗೆ ಸಹಿ ಹಾಕದೆ ಉಳಿದರು. 1919ರಲ್ಲಿ ದೆಹಲಿಯಿಂದ ಜಪಾನಿಗೆ ಹೋದ ಸರ್ದಾರ್ ಗುರ್ಚರಣ್ ಸಿಂಗ್ ಈ ಬಳಗದ ಒಡನಾಟದಲ್ಲಿ ಕಲಿತು ಬಂದರು. ದೆಹಲಿ ಬ್ಲೂ ಪಾಟರಿಯನ್ನು ಕಟ್ಟಿದ ಅವರನ್ನು ನಮ್ಮ ದೇಶದ ಸ್ಟುಡಿಯೋ ಪಾಟರಿಯ ಪಿತಾಮಹ ಎನ್ನುತ್ತಾರೆ. ಇನ್ನೊಂದು ಕವಲು 1971ರಲ್ಲಿ ಪಾಂಡಿಚೇರಿಯಲ್ಲಿ ಚಿಗುರಿತು. ರೇ ಮೀಕರ್, ಡೆಬೊರಾ ಸ್ಮಿತ್ ದಂಪತಿ ಗೋಲ್ಡನ್ ಬ್ರಿಜ್ ಪಾಟರಿಯನ್ನು ತೆರೆದು ಎರಡು ಮೂರು ತಲೆಮಾರಿನ ಕಲಾವಿದರನ್ನು ತಯಾರು ಮಾಡಿದರು.

ಆದರೆ ಒಂದು ಮಾತು ಹೇಳಲೇಬೇಕು. ಯಾನಾಗಿಯವರ ಬಗ್ಗೆ ನನಗೆ ಗೌರವವಿದೆ, ಸಮ್ಮತಿಯಿಲ್ಲ. ಹೆಸರಿಲ್ಲದಿರುವುದನ್ನು ಹಿರಿಮೆಯೆಂದು ಕೊಂಡಾಡಲು ಹೆಸರಿರುವವರಿಗೆ ಸುಲಭ. ಹಮಾದಾ ಸಹಿ ಹಾಕದಿದ್ದರೂ ಅದು ಹಮಾದಾ ಪಾತ್ರೆಯೆಂದು ಲೋಕಕ್ಕೆ ಗೊತ್ತಾಗುತ್ತಿತ್ತು. ನಮ್ಮ ಅಮ್ಮನ ಭರಣಿಯನ್ನು ಮಾಡಿದವರಿಗೆ ಆ ಆಯ್ಕೆಯೇ ಇರಲಿಲ್ಲ.

ಆದ್ದರಿಂದಲೇ ಭಾಯಂದರಿನ ಬ್ರಹ್ಮದೇವ ರಾಮ ಪಂಡಿತರ ಬದುಕು ನನಗೆ ಮುಖ್ಯವಾಗಿ ಕಾಣುತ್ತದೆ. ಅವರು ಕಲಾಶಾಲೆಯಿಂದ ಮಣ್ಣಿನ ಕಡೆ ಬಂದವರಲ್ಲ, ಬಿಹಾರದ ಕುಂಬಾರ ಮನೆತನದಲ್ಲಿ ಹುಟ್ಟಿ ತಿಗರಿಯ ಪಕ್ಕದಲ್ಲಿ ಬೆಳೆದವರು. ಗಾಂಧಿ ಮಾರ್ಗದ ಸಂಸ್ಥೆಗಳಲ್ಲಿ ತರಬೇತಿ ಪಡೆದು, ಮುಂಬಯಿಗೆ ಬಂದು, ಬೋರಿವಲಿಯ ಕೋರಾ ಕೇಂದ್ರದಲ್ಲಿ ದುಡಿದು, ಆಮೇಲೆ ಉಪ್ಪಿನ ಗದ್ದೆಗಳ ಭಾಯಂದರಿನಲ್ಲಿ ಸ್ವಂತ ಸ್ಟುಡಿಯೋ ಕಟ್ಟಿದರು. ಪತ್ನಿ ದೇವಕಿಯವರು ಜೊತೆಯಲ್ಲೇ ಕೆಲಸ ಮಾಡಿದರು. ಮಕ್ಕಳಾದ ಶೈಲೇಶ್ ಮತ್ತು ಅಭಯ್ ಅದೇ ದಾರಿ ಹಿಡಿದರು. 2013ರಲ್ಲಿ ಭಾರತ ಸರ್ಕಾರ ಬ್ರಹ್ಮದೇವರಿಗೆ ಪದ್ಮಶ್ರೀ ಕೊಟ್ಟಿತು. ನಮ್ಮ ಜಿಲ್ಲೆಯ ಒಬ್ಬ ಕುಂಬಾರರಿಗೆ ಪದ್ಮಶ್ರೀ ಬಂದದ್ದು ಈ ಸಭೆಯಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು?

ಅವರು ಮಾಡಿದ ಬದಲಾವಣೆ ಅರ್ಥವಾಗಬೇಕಾದರೆ ಬೆಂಕಿಯ ಲೆಕ್ಕ ಸ್ವಲ್ಪ ತಿಳಿಯಬೇಕು. ಊರ ಕುಂಬಾರರ ಆವಿಗೆಯಲ್ಲಿ ಹುಲ್ಲು, ಸೌದೆ, ಬೆರಣಿ ಉರಿದು ಸುಮಾರು 700ರಿಂದ 900 ಡಿಗ್ರಿ ಸೆಲ್ಸಿಯಸ್ ಕಾವು ಏರುತ್ತದೆ. ಅಷ್ಟರಲ್ಲಿ ಮಣ್ಣು ಗಟ್ಟಿಯಾಗುತ್ತದೆ, ಆದರೆ ಮೈತುಂಬ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ನೀರು ಜಿನುಗಿ, ಆವಿಯಾಗಿ, ಒಳಗಿನದು ತಂಪಾಗುವುದು ಅದರಿಂದಲೇ. ಸ್ಟೋನ್‌ವೇರ್ ಎಂದರೆ ಬೇರೆ ಜಾತಿಯ ಮಣ್ಣು, 1200ರಿಂದ 1300 ಡಿಗ್ರಿಯ ಭಟ್ಟಿ. ಅಲ್ಲಿ ಮಣ್ಣಿನ ಕಣಗಳು ಅರೆಕರಗಿ ಒಂದಕ್ಕೊಂದು ಬೆಸೆಯುತ್ತವೆ, ಪಾತ್ರೆ ಕಲ್ಲಿನಂತಾಗುತ್ತದೆ. ಹಸಿಯಾಗಿದ್ದಾಗಿನ ಅಳತೆಯಲ್ಲಿ ಹತ್ತನೆಯ ಒಂದು ಪಾಲೋ ಅದಕ್ಕಿಂತ ತುಸು ಹೆಚ್ಚೋ ಕುಗ್ಗಿ ಹೊರಬರುತ್ತದೆ. ಗ್ಲೇಜ್ ಎಂಬುದು ಗಾಜಿನ ಲೇಪ. ಬೆಣಚುಕಲ್ಲಿನ ಪುಡಿ ಗಾಜಾಗುತ್ತದೆ, ಜೇಡಿ ಅದನ್ನು ಹರಿದುಹೋಗದಂತೆ ಹಿಡಿಯುತ್ತದೆ, ಬೂದಿಯೋ ಸುಣ್ಣವೋ ಬೇಗ ಕರಗಲು ನೆರವಾಗುತ್ತದೆ. ಇದಕ್ಕೆ ನೂರಕ್ಕೆ ಒಂದೆರಡು ಪಾಲು ಕಬ್ಬಿಣದ ಆಕ್ಸೈಡ್ ಸೇರಿಸಿ ನೋಡಿ. ಭಟ್ಟಿಗೆ ಗಾಳಿ ಧಾರಾಳವಾಗಿ ಬಿಟ್ಟರೆ ಜೇನಿನ ಬಣ್ಣ ಬರುತ್ತದೆ. ಗಾಳಿಯನ್ನು ಬಿಗಿಹಿಡಿದರೆ ಎಳೆಯ ಬಾಳೆಲೆಯ ಹಸಿರು ಬರುತ್ತದೆ. ಅದನ್ನೇ ಸೆಲಡಾನ್ ಎನ್ನುತ್ತಾರೆ. ಲೇಪ ಒಂದೇ, ಉಸಿರು ಬೇರೆ. ನಮ್ಮಲ್ಲಿ ದೊರೆಯುವ ಕಚ್ಚಾ ವಸ್ತುಗಳಿಂದಲೇ ಇಂಥ ಲೇಪಗಳನ್ನು ಹದಗೊಳಿಸುವ ಬಗೆಯನ್ನು ವರ್ಷಗಟ್ಟಲೆ ಪ್ರಯೋಗ ಮಾಡಿ ಬರೆದಿಟ್ಟವರು ನಿರ್ಮಲಾ ಪಟವರ್ಧನ್. ಅವರ ‘ಹ್ಯಾಂಡ್‌ಬುಕ್ ಫಾರ್ ಪಾಟರ್ಸ್’ ಎಷ್ಟೋ ಸ್ಟುಡಿಯೋಗಳಲ್ಲಿ ಮಣ್ಣು ಮೆತ್ತಿದ ಹಾಳೆಗಳೊಡನೆ ಇಂದಿಗೂ ಇರುತ್ತದೆ.

ಪಂಡಿತರ ಮನೆಯವರು ತಿಗರಿಯ ಮೇಲಿನ ಪಿತ್ರಾರ್ಜಿತ ಹಿಡಿತವನ್ನು ಬಿಡದೆ ಈ ಎತ್ತರದ ಬೆಂಕಿಗೆ ದಾಟಿದರು. ಅವರ ಕೈಯಿಂದ ಚಹಾದ ಕಪ್ಪೂ ಬರುತ್ತದೆ, ಪೀಠದ ಮೇಲೆ ನಿಲ್ಲುವ ದೊಡ್ಡ ಹೂಜಿಯೂ ಬರುತ್ತದೆ. ನಾನು ಇಲ್ಲಿ ಒತ್ತಿ ಹೇಳಬೇಕಾದದ್ದು ಇಷ್ಟು: ಕಲಾವಿದರಾಗಲು ಅವರು ಕುಂಬಾರಿಕೆಯನ್ನು ಬಿಡಬೇಕಾಗಲಿಲ್ಲ. ಪಾತ್ರೆ ತನ್ನ ಹೊಟ್ಟೆಯನ್ನೂ ಬಾಯಿಯನ್ನೂ ಉಳಿಸಿಕೊಂಡೇ ಚಿತ್ರಶಾಲೆಗೆ ಹೋಯಿತು, ತಳದಲ್ಲಿ ಹೆಸರು ಹೊತ್ತು ಹೋಯಿತು. ಜೈಪುರದ ಕೃಪಾಲ್ ಸಿಂಗ್ ಶೇಖಾವತ್ ಎದುರು ದಿಕ್ಕಿನಿಂದ ಬಂದವರು. ಶಾಂತಿನಿಕೇತನದಲ್ಲಿ ಕಲಿತ ಚಿತ್ರಕಾರರಾಗಿದ್ದು ನಂದಿಹೋಗುತ್ತಿದ್ದ ನೀಲಿ ಪಾತ್ರೆಯ ಕಸುಬಿಗೆ ಜೀವ ಕೊಟ್ಟರು. ನಮ್ಮ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರನ್ನೂ ಇಲ್ಲಿ ನೆನೆಯಬಹುದು. ಅವರು ಜೆ. ಜೆ. ಶಾಲೆಯಲ್ಲಿ ಕಲಿತು ದೇಶದ ದೊಡ್ಡ ಚಿತ್ರಕಾರರಾದರು, ಅವರ ತಂದೆ ಊರಿನಲ್ಲಿ ಮಣ್ಣಿನ ಗಣಪತಿ ಮಾಡುತ್ತಿದ್ದವರು. ಹೆಬ್ಬಾರರ ರೇಖೆಗಳ ಓಟವನ್ನು ನೋಡುವಾಗ ಹಸಿಮಣ್ಣಿನ ಸೊಂಡಿಲನ್ನು ಒಂದೇ ಸೆಳೆತದಲ್ಲಿ ತಿರುಗಿಸುವ ಬೆರಳು ನನ್ನ ಕಣ್ಣ ಮುಂದೆ ಬರುತ್ತದೆ.

ಇನ್ನು ಕೊನೆಯ ಭಾಗ, ಇಂದಿನ ಮಾತು. 2018ರಲ್ಲಿ ಜೈಪುರದ ಜವಾಹರ್ ಕಲಾ ಕೇಂದ್ರದಲ್ಲಿ ಮೊದಲ ಇಂಡಿಯನ್ ಸಿರಾಮಿಕ್ಸ್ ಟ್ರಯೆನಾಲೆ ನಡೆಯಿತು. ಎರಡನೆಯದು 2024ರಲ್ಲಿ ದೆಹಲಿಯಲ್ಲಾಯಿತು. ಅದನ್ನು ಕಟ್ಟಿದ ಕಲಾವಿದರಲ್ಲಿ ಮಾಧ್ವಿ ಸುಬ್ರಹ್ಮಣ್ಯನ್, ನೇಹಾ ಕುಡ್ಚಡ್ಕರ್ ಅವರಂಥ ಮುಂಬಯಿ ನಂಟಿನವರೂ ಇದ್ದಾರೆ. ಇಂಥ ಮೇಳಗಳಲ್ಲಿ ಮಣ್ಣು ಪಾತ್ರೆಯಾಗಿಯೇ ಇರಬೇಕೆಂದಿಲ್ಲ. ಇಡೀ ಕೋಣೆ ತುಂಬುವ ಆಕೃತಿಯಾಗಬಹುದು, ಸುಡದೆ ಬಿಟ್ಟು ನೀರಲ್ಲಿ ಕರಗಲೂಬಹುದು. ಕೆಲವು ನನಗೆ ಹಿಡಿಸುತ್ತವೆ. ಕೆಲವುಗಳ ಮುಂದೆ ನಿಂತಾಗ ಬರೆದಿಟ್ಟ ವಿವರಣೆಯೇ ಭಾರವಾಗಿ, ಮಣ್ಣು ಹಗುರಾಯಿತೆನಿಸುತ್ತದೆ. ಮಣ್ಣನ್ನು ಬಲ್ಲ ಕೈ ಹಿಂದೆ ಇದ್ದರೆ ಅದು ನೋಡಿದೊಡನೆ ತಿಳಿಯುತ್ತದೆ.

ನಮ್ಮ ಸುತ್ತಮುತ್ತ ಏನಾಗಿದೆ? ಬೇಲಾಪುರದಲ್ಲಿ 1980ರ ದಶಕದಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರು ನಗರಾಭಿವೃದ್ಧಿ ಸಂಸ್ಥೆ ಸಿಡ್ಕೋಗಾಗಿ ಕಟ್ಟಿದ, ಅಂಗಳದ ಸುತ್ತ ಅಂಗಳ ಬೆಸೆದ, ಇಳಿಜಾರು ಮಾಡಿನ ಮನೆಗಳ ಗುಂಪು ಆರ್ಟಿಸ್ಟ್ಸ್ ವಿಲೇಜ್ ಎಂದೇ ಹೆಸರಾಗಿದೆ. ಅದರಿಂದ ಹೆಚ್ಚು ದೂರವಿಲ್ಲದ ಅರ್ಬನ್ ಹಾಟ್‌ನಲ್ಲಿ ಖುರ್ಜಾದ ಕಪ್ಪುಗಳೂ ಜೈಪುರದ ನೀಲಿ ತಟ್ಟೆಗಳೂ ಮಾರಾಟಕ್ಕೆ ಬರುತ್ತವೆ. ವಾಶಿ, ಖಾರ್‌ಘರ್, ಘೋಡಬಂದರ್ ರಸ್ತೆಯ ಕಡೆ ಮಣ್ಣಿನ ತರಗತಿಗಳು ಹುಟ್ಟಿಕೊಂಡಿವೆ. ಕಲಿಯಲು ಬರುವವರಲ್ಲಿ ಬಹುಪಾಲು ಹೆಂಗಸರು. ಬ್ಯಾಂಕಿನಲ್ಲಿ ದುಡಿಯುವವರು, ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿ ಈಗ ತಮಗಾಗಿ ಎರಡು ಗಂಟೆ ಹುಡುಕುವವರು. ಬಾಲ್ಕನಿಯಲ್ಲಿ ವಿದ್ಯುತ್ ತಿಗರಿ ಇಟ್ಟವರಿದ್ದಾರೆ. ಭಟ್ಟಿ ಇಡಬೇಕೆಂದರೆ ಮಾತ್ರ ಸೊಸೈಟಿಯ ಒಪ್ಪಿಗೆ ಬೇಕು, ಹೆಚ್ಚಿನ ಲೋಡಿನ ಮೀಟರ್ ಬೇಕು. ಹೀಗಾಗಿ ಒಣಗಿದ ಹಸಿಪಾತ್ರೆಗಳನ್ನು ಮಡಿಲಲ್ಲಿ ಇಟ್ಟುಕೊಂಡು ರಿಕ್ಷಾದಲ್ಲಿ ಇನ್ನೊಬ್ಬರ ಭಟ್ಟಿಗೆ ಒಯ್ಯುತ್ತಾರೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯಲ್ಲಿ ದೊಣ್ಣೆಯ ಬದಲು ನಮ್ಮ ರಸ್ತೆಯ ಗುಂಡಿಗಳನ್ನು ಇಟ್ಟರೂ ಅದು ಅಷ್ಟೇ ನಿಜ.

ಇದೇ ನಗರದಲ್ಲಿ ಇನ್ನೊಂದು ಗುಂಪು ಇದೆ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡುಗಳಿಂದ ಬಂದ, ಕುಂಬಾರ ಮನೆತನಗಳ ಕುಲಾಲ ಬಂಧುಗಳು. ಮುಂಬಯಿಯಲ್ಲಿ ಅವರದೇ ಕುಲಾಲ ಸಂಘವಿದೆ. ಹೊಟೇಲು, ಕಾರ್ಖಾನೆ, ಕಚೇರಿಗಳಲ್ಲಿ ದುಡಿದು ಮಕ್ಕಳನ್ನು ಓದಿಸಿದವರು ಅವರು. ಊರಲ್ಲಿ ಅಜ್ಜ ಬಿಟ್ಟ ತಿಗರಿಯನ್ನು ಮೊಮ್ಮಕ್ಕಳು ಮುಟ್ಟಿರಲಿಕ್ಕಿಲ್ಲ. ಜಾತಿಯ ಹೊರೆಯಾಗಿದ್ದ ಕಸುಬಿನಿಂದ ಹೊರಬಂದದ್ದಕ್ಕೆ ಅವರು ಪಶ್ಚಾತ್ತಾಪ ಪಡಬೇಕಾಗಿಲ್ಲ. ಆದರೆ ಒಬ್ಬರ ಮನೆಯಲ್ಲಿ ಹೊರೆಯಾಗಿದ್ದದ್ದು ಇನ್ನೊಬ್ಬರ ಬಾಲ್ಕನಿಯಲ್ಲಿ ಹವ್ಯಾಸವಾಗಿ, ಬೆಲೆಬಾಳುವ ಕಲೆಯಾಗಿ ಮರಳಿ ಬಂದಿದೆಯಲ್ಲ, ಅದನ್ನು ನಾವು ಕಣ್ತೆರೆದು ನೋಡಬೇಕು. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಇದೆ. ನಮ್ಮ ಸಂಘಗಳು ಪ್ರತಿವರ್ಷ ಎಷ್ಟೋ ಪ್ರವಾಸ ಹೊರಡಿಸುತ್ತವೆ. ಒಂದು ವರ್ಷ ಅಲ್ಲಿಗೆ ಹೋಗಬಾರದೇಕೆ? ಕುಂಬಾರ ಮನೆತನದ ನಮ್ಮ ಹುಡುಗ ಹುಡುಗಿಯರಿಗೆ ಸಿರಾಮಿಕ್ ಕಲಿಯಲು ಒಂದು ವಿದ್ಯಾರ್ಥಿವೇತನ ಇಡಬಾರದೇಕೆ?

ನನ್ನದೇ ಒಂದು ಅನುಭವ ಹೇಳಿ ಮುಗಿಸುತ್ತೇನೆ. ನಿವೃತ್ತಿಯ ಮೇಲೆ ನಾನೂ ನವಿ ಮುಂಬಯಿಯ ಒಂದು ತರಗತಿಗೆ ಸೇರಿದೆ. ನನ್ನ ಮೊದಲ ಬಟ್ಟಲು ಪೂರ್ತಿ ಒಣಗುವ ಮುನ್ನವೇ ಭಟ್ಟಿಗೆ ಹೋಯಿತು. ಒಳಗೆ ಉಳಿದಿದ್ದ ನೀರು ಆವಿಯಾಗಿ ಒತ್ತಿ, ಅದು ಸಿಡಿದು ಚೂರಾಯಿತು. ಎರಡನೆಯದನ್ನು ಮಾಡುವಾಗ ಅಲ್ಲಿ ಮಣ್ಣು ಹದ ಮಾಡಿಕೊಡುವ ಹಿರಿಯರೊಬ್ಬರು ಪಕ್ಕದಲ್ಲಿ ಕೂತರು. ಧಾರಾವಿಯ ಕುಂಭಾರವಾಡಾದವರು. ಸೌರಾಷ್ಟ್ರದಿಂದ ಬಂದ ಕುಂಬಾರರ ವಂಶ. ತಿರುಗುವ ತಿಗರಿಯ ನಟ್ಟನಡುವೆ ಮಣ್ಣಿನ ಮುದ್ದೆಯನ್ನು ನಿಲ್ಲಿಸಲು ನನಗೆ ಬಾರದು. ಅವರು ಎರಡು ಅಂಗೈ ಹಿಡಿದರು, ಓಲಾಡುತ್ತಿದ್ದ ಮುದ್ದೆ ಸುಮ್ಮನಾಯಿತು. ಆಮೇಲೆ ನಾನು ಗೋಡೆ ಎಬ್ಬಿಸಿದೆ. ಬಟ್ಟಲು ಅರೆ ಒಣಗಿ ತೊಗಲಿನ ಹದಕ್ಕೆ ಬಂದಾಗ ಕಲಿಸುವವರು, “ತಳದಲ್ಲಿ ನಿಮ್ಮ ಹೆಸರು ಕೊರೆಯಿರಿ” ಎಂದರು. ಆ ತರಗತಿಯಿಂದ ಹೊರಬಿದ್ದ ಎಷ್ಟು ಬಟ್ಟಲುಗಳ ನಡು ಆ ಹಿರಿಯರ ಅಂಗೈಯಲ್ಲಿ ನಿಂತಿತ್ತೋ! ನಾನು ಸೂಜಿಯನ್ನು ಅವರ ಕೈಗೆ ಕೊಟ್ಟೆ. “ಕಾಕಾ, ಪಹಲೇ ಆಪ್” ಎಂದೆ. ಅವರು ಬೇಡವೆಂದರು. ನಾನು ಸೂಜಿ ಚಾಚಿಕೊಂಡೇ ಕೂತೆ. ಕೊನೆಗೆ ಮೊಣಕಾಲಿನ ಮೇಲೆ ಬಟ್ಟಲನ್ನು ಕವುಚಿಟ್ಟುಕೊಂಡು, ನಿಧಾನವಾಗಿ, ಗುಜರಾತಿ ಅಕ್ಷರಗಳಲ್ಲಿ ತಮ್ಮ ಹೆಸರು ಬರೆದರು. ಅದರ ಕೆಳಗೆ ನಾನು ಕನ್ನಡದಲ್ಲಿ ನನ್ನದನ್ನು ಬರೆದೆ.

ಆ ಬಟ್ಟಲನ್ನು ತಂದಿದ್ದೇನೆ. ಈ ಮೇಜಿನ ಮೇಲಿದೆ. ಚಹಾದ ಹೊತ್ತಿನಲ್ಲಿ ದಯವಿಟ್ಟು ಬಂದು ಕೈಗೆತ್ತಿಕೊಳ್ಳಿ, ಗೆಣ್ಣಿನಿಂದ ಒಮ್ಮೆ ತಟ್ಟಿ ಕೇಳಿ, ತಿರುಗಿಸಿ ನೋಡಿ.